ಪಿ.ಬಿ. ರಸ್ತೆಯ ಬಳಸು

ದಾವಣಗೆರೆಯನ್ನು ಉದ್ದಕ್ಕೆ ಹಾಯ್ದು ಹೋಗುವ ಹಳೆಯ ಹೆದ್ದಾರಿಯನ್ನು ಊರಿನ ಜನ ಪಿ.ಬಿ. ರಸ್ತೆಯೆಂದು ಕರೆಯುತ್ತಾರೆ. ಅಂಗಡಿಗಳ ಹಲಗೆಗಳ ಮೇಲೆ, ಲಗ್ನಪತ್ರಿಕೆಗಳಲ್ಲಿ, ಆಟೋ ನಡೆಸುವವರ ಮಾತಿನಲ್ಲಿ ಹಗಲಿರುಳೂ ಬಳಕೆಯಲ್ಲಿರುವ ಈ ಎರಡಕ್ಷರಗಳಿಗೆ ಊರಿನೊಳಗಿನ ಯಾವ ವಸ್ತುವಿನ ಸಂಬಂಧವೂ ಇಲ್ಲ. ಅವು ಪೂನಾ ಮತ್ತು ಬೆಂಗಳೂರು ಎಂಬ ಎರಡು ದೂರದ ನಗರಗಳ ಆದ್ಯಕ್ಷರಗಳು. ಹರಿಹರಕ್ಕೂ ಹುಬ್ಬಳ್ಳಿಗೂ ಹೋದರೆ ಅಲ್ಲಿಯೂ ಈ ದಾರಿಯ ಹೆಸರು ಇದೇ. ನಗರದೇವತೆಯಾದ ದುಗ್ಗಮ್ಮನ ಹೆಸರನ್ನಾಗಲಿ, ಊರನ್ನು ಬೆಳೆಸಿದ ಯಾವನೋ ಪುಣ್ಯಾತ್ಮನ ಹೆಸರನ್ನಾಗಲಿ ಹೊರಬಹುದಾಗಿದ್ದ ಬೀದಿಯೊಂದು, ಒಂದು ಕಡೆಗೆ ಇನ್ನೂರೈವತ್ತು ಕಿಲೋಮೀಟರಿಗೂ ಮತ್ತೊಂದು ಕಡೆಗೆ ಅದರ ಇಮ್ಮಡಿಗೂ ಮಿಕ್ಕಿ ದೂರದಲ್ಲಿರುವ ಊರುಗಳ ಹೆಸರನ್ನು ಹೊತ್ತು ನಿಂತಿರುವುದು ಆಕಸ್ಮಿಕವಲ್ಲ. ದಾವಣಗೆರೆ ಮತ್ತು ಹರಿಹರಗಳ ಚರಿತ್ರೆಯ ಬಹುಭಾಗ ಆ ಹೆಸರಿನಲ್ಲಿಯೇ ಅಡಗಿದೆಯೆಂಬುದು ನನ್ನ ಬಹುದಿನಗಳ ನಂಬಿಕೆ.

ಈ ಕಾಲದಲ್ಲಿ ಎರಡು ನಗರಗಳ ನಡುವಣ ದೂರವೆಷ್ಟೆಂದು ಕೇಳಿದವನಿಗೆ ಮೊದಲು ದೊರೆಯುವ ಉತ್ತರ ವಿಮಾನದ ದೂರ. ಬೆಂಗಳೂರಿನಿಂದ ಪುಣೆಗೆ ನೇರರೇಖೆಯಲ್ಲಿ ಸುಮಾರು 735 ಕಿಲೋಮೀಟರ್. ಒಂದೂವರೆ ಗಂಟೆಯ ಆಸುಪಾಸಿನ ಪ್ರಯಾಣ. ನೆಲದ ಮೇಲಿನ ದಾರಿಯಾದರೋ 840 ಕಿಲೋಮೀಟರಿಗೆ ಸಮೀಪವಾದುದು. ನಕ್ಷೆಯ ಮೇಲೆ ಎರಡು ನಗರಗಳಿಗೆ ದಾರವೊಂದನ್ನು ಬಿಗಿಯಾಗಿ ಹಿಡಿದು ನೋಡಿದರೆ, ಆ ದಾರ ಚಳ್ಳಕೆರೆಯ ನೆತ್ತಿಯ ಮೇಲೂ, ಕೂಡ್ಲಿಗಿಯ ಮಗ್ಗುಲಲ್ಲೂ ಹಾಯ್ದು, ಕೊಪ್ಪಳವನ್ನು ತುಸು ಬಲಕ್ಕೆ ಬಿಟ್ಟು ವಾಯವ್ಯಕ್ಕೆ ಸಾಗುವುದು ಕಾಣುತ್ತದೆ. ದಾವಣಗೆರೆ ಆ ರೇಖೆಯಿಂದ ಸುಮಾರು 60 ಕಿಲೋಮೀಟರ್ ಪಶ್ಚಿಮಕ್ಕೆ ಉಳಿದುಹೋಗುತ್ತದೆ. ಹರಿಹರ ಇನ್ನೂ ಆಚೆಗೆ. ಹಾಗಿರುವಲ್ಲಿ ದಾರಿ ಅಷ್ಟೊಂದು ಬಾಗಿ, ನೂರು ಕಿಲೋಮೀಟರಿನ ಬಳಸನ್ನು ಮೈಮೇಲೆ ಎಳೆದುಕೊಂಡು, ಈ ಎರಡು ಊರುಗಳ ಅಂಗಳಕ್ಕೆ ಏಕೆ ಬಂದಿತು? ಚಳ್ಳಕೆರೆಯ ಸೀಮೆ ಕನ್ನಡನಾಡಿನಲ್ಲಿಯೇ ಮಳೆ ಅತಿ ಕಡಿಮೆ ಬೀಳುವ ಪ್ರದೇಶಗಳಲ್ಲೊಂದೆಂಬುದನ್ನು ನೆನೆದರೆ ಉತ್ತರದ ಅರ್ಧಭಾಗ ದೊರೆಯುತ್ತದೆ. ಎತ್ತಿಗೆ ನೀರು ಬೇಕು, ಮೇವು ಬೇಕು. ಮನುಷ್ಯನಿಗೆ ಸಂತೆ ಬೇಕು, ಛತ್ರ ಬೇಕು, ಹೊಳೆ ದಾಟಲು ಕಡವು ಬೇಕು. ದಾರಿಯೆಂಬುದು ಇವೆಲ್ಲವನ್ನೂ ಒಂದೊಂದಾಗಿ ಹುಡುಕಿಕೊಂಡು ನಡೆದವರ ಕಾಲಿನ ಗುರುತು. ನೇರರೇಖೆಗೂ ನೆಲದ ದಾರಿಗೂ ನಡುವೆ ಉಳಿಯುವ ಆ ನೂರು ಕಿಲೋಮೀಟರಿನ ಅಂತರದಲ್ಲಿ ಹುಟ್ಟಿ ಬೆಳೆದ ಊರುಗಳು ದಾವಣಗೆರೆ ಮತ್ತು ಹರಿಹರ.

ನಮ್ಮ ಹಿರಿಯರ ದೂರದ ಮಾನಗಳನ್ನು ಗಮನಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಅದಕ್ಕೆ ಮೀರಿದುದು ಹರದಾರಿ, ಮೈಸೂರು ಸೀಮೆಯ ಲೆಕ್ಕದಲ್ಲಿ ಸುಮಾರು ಮೂರು ಮೈಲಿ. ನಾಲ್ಕು ಹರದಾರಿ ಸೇರಿದರೆ ಒಂದು ಗಾವುದ. ಹೇರು ಹೊತ್ತ ಎತ್ತು ಒಂದು ಹಗಲಿನಲ್ಲಿ ಬಳಲದೆ ನಡೆಯಬಲ್ಲ ದೂರಕ್ಕೂ ಗಾವುದಕ್ಕೂ ಹೆಚ್ಚಿನ ಅಂತರವಿಲ್ಲ. ಹೀಗೆ ಕಂಠ, ಕಾಲು, ಎತ್ತಿನ ಗೊರಸು ಇವುಗಳಿಂದ ಅಳೆದ ದೂರದಲ್ಲಿ ಕಾಲವು ಮೊದಲೇ ಬೆರೆತಿರುತ್ತಿದ್ದಿತು. ಅರವತ್ತು ಗಳಿಗೆಗೆ ಒಂದು ಅಹೋರಾತ್ರ, ಏಳೂವರೆ ಗಳಿಗೆಗೆ ಒಂದು ಜಾವ. ಮುಂದಿನ ಊರು ಎಷ್ಟು ದೂರವೆಂದರೆ ಒಂದು ಜಾವದ ದಾರಿ, ಉಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಸೇರುವ ದಾರಿ ಎಂಬ ಉತ್ತರ ಬರುತ್ತಿದ್ದಿತು. ದೂರವನ್ನು ಒಂದು ಕಡೆಗೂ ಹೊತ್ತನ್ನು ಇನ್ನೊಂದು ಕಡೆಗೂ ಬಿಡಿಸಿ ಬರೆಯುವ ಪದ್ಧತಿ ಮೈಲಿಗಲ್ಲು ಮತ್ತು ಗಡಿಯಾರಗಳೊಂದಿಗೆ ಬಂದುದು.

ಈ ದಾರಿಯ ಮೇಲೆ ಮೊದಲು ಹಿರಿಮೆ ಪಡೆದುದು ಹರಿಹರ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ನದಿ ತುಂಗಭದ್ರೆಯನ್ನು ಕೂಡುವ ತಾಣವಾದುದರಿಂದ ಶಾಸನಗಳಲ್ಲಿ ಅದಕ್ಕೆ ಕೂಡಲೂರೆಂಬ ಹೆಸರು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೊಲಾಳ್ವನು ಕ್ರಿ.ಶ. 1224ರ ಸುಮಾರಿನಲ್ಲಿ ಅಲ್ಲಿ ಹರಿಹರೇಶ್ವರನ ದೇಗುಲವನ್ನು ಕಟ್ಟಿಸಿದನು. ಮುಮ್ಮಡಿ ನರಸಿಂಹನ ಕಾಲದಲ್ಲಿ, 1268ರಲ್ಲಿ, ಸೋಮ ದಂಡನಾಯಕನು ಅದನ್ನು ವಿಸ್ತರಿಸಿದನು. ಒಂದೇ ಮೂರ್ತಿಯಲ್ಲಿ ಎಡಬಲಗಳಾಗಿ ಹರಿಯೂ ಹರನೂ ನಿಂತಿರುವ ಆ ಗುಡಿ ಎರಡು ಸೀಮೆಗಳು ಎದುರುಬದುರಾಗಿ ನಿಲ್ಲುವ ದಡದ ಮೇಲಿರುವುದನ್ನು ಕಂಡಾಗಲೆಲ್ಲ ನನಗೆ ಒಂದು ಬಗೆಯ ಹರ್ಷವಾಗುತ್ತದೆ. ಹೊಯ್ಸಳರಿಗೂ ಸೇವುಣರಿಗೂ ಈ ಹೊಳೆಯ ಆಸುಪಾಸಿನ ನೆಲಕ್ಕಾಗಿ ಹೋರಾಟ ನಡೆದಿದ್ದಿತು. ಮುಂದೆ ಹೈದರಾಲಿಗೂ ಮರಾಠರಿಗೂ ನಡುವೆ ಹರಿಹರ ಕೈಯಿಂದ ಕೈಗೆ ಹೋಗಿ ಬಂದಿತು. ಕಡೆಗೆ ಅದು ಮೈಸೂರು ಸಂಸ್ಥಾನದ ಉತ್ತರದ ಹೊಸ್ತಿಲಾಗಿ, ಎದುರು ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಾಗಿ ನಿಂತುವು.

ಬೇಸಗೆಯಲ್ಲಿ ಬಂಡೆಗಳ ನಡುವೆ ಸೊರಗಿ ಹರಿಯುವ ತುಂಗಭದ್ರೆ, ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಮಳೆಯನ್ನೆಲ್ಲ ಹೊತ್ತು ದಡ ಮುಟ್ಟಿ ಬರುತ್ತದೆ. ಸೇತುವೆಯಿಲ್ಲದ ಕಾಲದಲ್ಲಿ ಆ ತಿಂಗಳುಗಳಲ್ಲಿ ಹೊಳೆ ದಾಟಬೇಕಾದವನಿಗೆ ಇದ್ದ ಆಸರೆ ಅಂಬಿಗನ ಹರಿಗೋಲು: ಬಿದಿರಿನ ತಟ್ಟಿಗೆ ತೊಗಲನ್ನು ಬಿಗಿದ ದುಂಡು ಬುಟ್ಟಿ. ಮನುಷ್ಯರು, ಮೂಟೆಗಳು, ಕುರಿಗಳು ಅದರಲ್ಲಿ ಹೋಗುತ್ತಿದ್ದುವು, ಎತ್ತುಗಳನ್ನು ಈಜಿಸಬೇಕಾಗಿದ್ದಿತು. ಪ್ರವಾಹ ಏರಿದರೆ ಪಯಣಿಗರು ದಡದಲ್ಲಿಯೇ ಬೀಡುಬಿಟ್ಟು ನೀರಿಳಿಯುವುದನ್ನು ಕಾಯಬೇಕು. ಹಾಗೆ ಕಾಯುವವರ ಅನ್ನ, ಮೇವು, ಪೂಜೆ, ವ್ಯಾಪಾರಗಳಿಂದ ಹರಿಹರದ ಪೇಟೆ ಬದುಕುತ್ತಿದ್ದಿತೆಂದು ಹೇಳಿದರೆ ಅತ್ಯುಕ್ತಿಯಾಗಲಾರದು. ಆ ಕಾಲದಲ್ಲಿ ಬೆಂಗಳೂರಿಗೂ ಪೂನಾಕ್ಕೂ ಎಷ್ಟು ದಿನವೆಂಬುದಕ್ಕೆ ಸಂವತ್ಸರದಲ್ಲೆಲ್ಲ ಒಂದೇ ಉತ್ತರವಿರಲಿಲ್ಲ. ಚೈತ್ರದ ಉತ್ತರ ಬೇರೆ, ಶ್ರಾವಣದ ಉತ್ತರ ಬೇರೆ.

ಇದಕ್ಕೆ ಎರಡು ದಂಡಯಾತ್ರೆಗಳ ಸಾಕ್ಷ್ಯವಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರ ಜೂನ್ ತಿಂಗಳಲ್ಲಿ, ದಂಗೆಯೆದ್ದಿದ್ದ ಧೋಂಡಿಯ ವಾಘನನ್ನು ಬೆನ್ನಟ್ಟಿ ಹೊರಟ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಹರಿಹರಕ್ಕೆ ಬರುವ ಹೊತ್ತಿಗೆ ಮುಂಗಾರು ಹತ್ತಿ ಹೊಳೆಯಲ್ಲಿ ನೀರು ಏರುತ್ತಿದ್ದಿತು. ಸೈನ್ಯ, ಫಿರಂಗಿ, ಅಕ್ಕಿಯ ಹೇರುಗಳು ಎಲ್ಲವನ್ನೂ ಆಚೆ ದಡಕ್ಕೆ ಸೇರಿಸುವುದರಲ್ಲಿ ದಿನಗಳು ಕಳೆದುವು. ಮುಂದೆ ಎರಡು ವರ್ಷಗಳ ತರುವಾಯ ಹೋಳ್ಕರನಿಂದ ರಾಜಧಾನಿಯನ್ನು ಕಳೆದುಕೊಂಡ ಪೇಶ್ವೆ ಇಮ್ಮಡಿ ಬಾಜಿರಾಯನನ್ನು ಮತ್ತೆ ಗದ್ದುಗೆಗೆ ಏರಿಸುವುದಕ್ಕೆಂದು ಮದರಾಸಿನ ಸೈನ್ಯ ಹರಿಹರದಲ್ಲಿಯೇ ನೆರೆಯಿತು. ಅದೇ ವೆಲ್ಲೆಸ್ಲಿ 1803ರ ಮಾರ್ಚ್ 12ರಂದು, ಹೊಳೆ ಬಡವಾಗಿದ್ದ ಕಾಲದಲ್ಲಿ, ತುಂಗಭದ್ರೆಯನ್ನು ದಾಟಿ ಏಪ್ರಿಲ್ 20ರಂದು ಪೂನಾವನ್ನು ಸೇರಿದನು. ಕಡೆಯ ಅರವತ್ತು ಮೈಲಿಗಳನ್ನು ಅಶ್ವದಳದೊಂದಿಗೆ ಮೂವತ್ತೆರಡು ಗಂಟೆಗಳಲ್ಲಿ ಕ್ರಮಿಸಿದುದು ಆ ಕಾಲಕ್ಕೆ ಒಂದು ಅದ್ಭುತವೆನಿಸಿತು. ಹರಿಹರದಿಂದ ಪೂನಾಕ್ಕೆ ನೇರರೇಖೆಯಲ್ಲಿ ಸುಮಾರು 490 ಕಿಲೋಮೀಟರ್, ಹಳೆಯ ಲೆಕ್ಕದಲ್ಲಿ ಇಪ್ಪತ್ತೈದು ಗಾವುದ. ಮೂವತ್ತೊಂಬತ್ತು ದಿನಗಳ ಮೇಲೆ ಅದನ್ನು ಹಂಚಿದರೆ ದಿನಕ್ಕೆ ಮುಕ್ಕಾಲು ಗಾವುದವೂ ಬೀಳುವುದಿಲ್ಲ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಯೂರೋಪಿನಲ್ಲೆಲ್ಲ ಹೆಸರಾದ ಸೇನಾನಿಯ ವೇಗವನ್ನೂ ಕಡೆಗೆ ನಿರ್ಣಯಿಸಿದುದು ಅವನ ಹಿಂದೆ ಅಕ್ಕಿ ಹೊತ್ತು ಬರುತ್ತಿದ್ದ ಎತ್ತೇ. ಮೈಸೂರಿನ ಬಿಳಿಯ ಸರ್ಕಾರಿ ಎತ್ತುಗಳನ್ನು ಅವನು ಅಷ್ಟೊಂದು ಮೆಚ್ಚಿಕೊಂಡುದಕ್ಕೆ ಕಾರಣವೂ ಇದೇ. ಅಮೃತಮಹಲ್ ಎಂಬ ಆ ತಳಿ ಈ ಸೀಮೆಯ ಕಾವಲುಗಳಲ್ಲಿ ಮೇದು ಬೆಳೆದುದು.

ದಾವಣಗೆರೆಯ ಉದಯ ಇನ್ನೊಂದು ಬಗೆಯದು. ಬೇತೂರಿನ ಮಗ್ಗುಲಲ್ಲಿದ್ದ ಹೆಸರಿಲ್ಲದ ಹಳ್ಳಿಯಾಗಿದ್ದ ಅದನ್ನು ಹೈದರಾಲಿ ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನು. ಅವನು ವರ್ತಕರನ್ನು ಕರೆದು ನೆಲೆಗೊಳಿಸಿದನು. ಸಂತಾನವಿಲ್ಲದೆ ಅವನು ತೀರಿಕೊಂಡ ಮೇಲೆ ಟಿಪ್ಪುವೂ ಆ ಪ್ರೋತ್ಸಾಹವನ್ನು ಮುಂದುವರಿಸಿದನು. ಗವರ್ನರ್ ಜನರಲ್‌ನ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಇತ್ತ ಬಂದಾಗ ಐನೂರು ಮನೆಗಳಿಗೆ ಮಿಕ್ಕ ಊರೊಂದು ಇಲ್ಲಿ ಎದ್ದು ನಿಂತಿದ್ದಿತು. ಊರಿನ ವ್ಯಾಪಾರ ಬಹುತೇಕ ಲಿಂಗಾಯತ ವರ್ತಕರ ಕೈಯಲ್ಲಿದ್ದಿತು. ಮಲೆನಾಡಿನ ನಗರ ಮತ್ತು ಸಾಗರದ ಸೀಮೆಯ ಅಡಕೆಯನ್ನೂ ಮೆಣಸನ್ನೂ ಕೊಂಡು, ಆರ್ಕಾಟಿನ ಬಳಿಯ ವಾಲಾಜಾಪೇಟೆಗೆ ಸಾಗಿಸಿ, ಅಲ್ಲಿಂದ ಮದರಾಸಿಗೆ ಹಡಗಿನಲ್ಲಿ ಬಂದಿಳಿದ ಯೂರೋಪು, ಚೀನಾ, ಪೂರ್ವದ್ವೀಪಗಳ ಸರಕನ್ನೂ ಉಪ್ಪನ್ನೂ ತುಂಬಿಕೊಂಡು ಬರುವುದು ಆ ವ್ಯಾಪಾರದ ಸ್ವರೂಪ. ಸುತ್ತಣ ಹಳ್ಳಿಗಳಲ್ಲಿ ನೇಯ್ದ ಕಂಬಳಿ ಊರಿನ ಕೀರ್ತಿಯ ಸರಕಾಗಿದ್ದಿತು.

ಮಲೆನಾಡಿನ ತೋಟ ಒಂದು ತುದಿ, ಕೋರಮಂಡಲದ ಪೇಟೆ ಇನ್ನೊಂದು ತುದಿ. ದಾವಣಗೆರೆಯಿಂದ ವಾಲಾಜಾಪೇಟೆಗೆ ಹಕ್ಕಿ ಹಾರುವ ದೂರವೇ ಸುಮಾರು 410 ಕಿಲೋಮೀಟರ್. ಬಳಸನ್ನು ಸೇರಿಸಿದರೆ ನೂರು ಹರದಾರಿಗೆ ಕಡಿಮೆಯಾಗದು. ದಿನಕ್ಕೊಂದು ಗಾವುದದಂತೆ ಹೋಗುವುದಕ್ಕೆ ಇಪ್ಪತ್ತೈದು ದಿನ, ಬರುವುದಕ್ಕೆ ಇಪ್ಪತ್ತೈದು, ಪೇಟೆಯಲ್ಲಿ ನಿಲ್ಲುವುದಕ್ಕೆ ಹತ್ತು ಹದಿನೈದು: ಒಂದು ವ್ಯಾಪಾರ ಮುಗಿಯಬೇಕಾದರೆ ಎರಡು ತಿಂಗಳು ಬೇಕು. ಗಾಡಿ ಹೋಗುವ ದಾರಿಗಳು ಆಗ ವಿರಳ. ಎತ್ತಿನ ಬೆನ್ನಿನ ಎರಡು ಮಗ್ಗುಲಿಗೆ ಕಂಟಲೆ ಹೇರಿ, ಸಾಲಾಗಿ ಹೊಡೆದುಕೊಂಡು, ಗಂಟೆಯ ದನಿ ಕೇಳುತ್ತ ನಡೆಯಬೇಕು. ಇಷ್ಟು ದೀರ್ಘಕಾಲ ಮನೆ ಬಿಟ್ಟಿರುವ ಗಂಡಸರ ಊರಿನಲ್ಲಿ ನಂಬಿಕೆಯೇ ಬಂಡವಾಳ. ಸರಕು ಕೊಟ್ಟವನು ಅರವತ್ತು ದಿನ ಹಣದ ಮುಖ ಕಾಣದೆ ಕಾಯಬೇಕು, ಕೊಂಡವನು ಮಾತಿಗೆ ನಿಲ್ಲಬೇಕು. ದಾವಣಗೆರೆಯ ಪೇಟೆಯಲ್ಲಿ ಇಂದಿಗೂ ಮಂಡಿಯ ವ್ಯವಹಾರದಲ್ಲಿ ಬಾಯಿಮಾತಿಗೆ ಬೆಲೆಯಿದೆಯೆಂದು ಹಿರಿಯರು ಅಭಿಮಾನದಿಂದ ಹೇಳುವಾಗ, ಅದರ ಬೇರು ಆ ಎರಡು ತಿಂಗಳ ದಾರಿಯಲ್ಲಿದೆಯೆಂದು ನನಗೆ ತೋರುತ್ತದೆ.

ಎತ್ತಿನ ವೇಗದ ಲೋಕವನ್ನು ನೆನೆಯುವಾಗ ಅದರ ಸೌಮ್ಯತೆಯೊಂದನ್ನೇ ನೆನೆಯುವುದು ಸತ್ಯಕ್ಕೆ ಅಪಚಾರ. 1876ರಲ್ಲಿ ಆರಂಭವಾಗಿ ಎರಡು ವರ್ಷ ಕಾಡಿದ ಮಹಾಕ್ಷಾಮ ಮೈಸೂರು ದೇಶದ ಪೂರ್ವದ ಬಯಲುಸೀಮೆಯನ್ನು ಸುಟ್ಟುಹಾಕಿತು. ಮದರಾಸಿನಿಂದ ರೈಲಿನಲ್ಲಿ ಬೆಂಗಳೂರಿಗೆ ಧಾನ್ಯ ಬಂದು ಬೀಳುತ್ತಿದ್ದಿತು; ಬೆಂಗಳೂರಿನಿಂದಾಚೆಗೆ ಅದನ್ನು ಒಯ್ಯಲು ಗಾಡಿಗಳು ಸಾಲದಾಗಿದ್ದುವು, ಗಾಡಿಗಳಿದ್ದೆಡೆಯಲ್ಲಿ ಎತ್ತುಗಳಿಗೆ ಮೇವಿರಲಿಲ್ಲ. ಕ್ಷಾಮದ ನಾಡಿನಲ್ಲಿ ಎತ್ತು ತಾನು ಎಳೆಯುವ ಧಾನ್ಯದಲ್ಲಿ ಪಾಲು ಕೇಳುವ ಪ್ರಾಣಿ. ದಾರಿ ಉದ್ದವಾದಷ್ಟೂ ಹಸಿದವನ ಬಾಯಿಗೆ ಬೀಳುವ ಭಾಗ ಕಿರಿದಾಗುತ್ತದೆ, ಹತ್ತಾರು ಗಾವುದಗಳಾಚೆಗೆ ಸಾಗಾಟವೇ ನಿಷ್ಫಲವಾಗುತ್ತದೆ. 1871ರ ಗಣತಿಯಲ್ಲಿ ಐವತ್ತು ಲಕ್ಷಕ್ಕೆ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷದೊಳಗೆ ಇಳಿದಿದ್ದಿತು. ಅಷ್ಟು ಜೀವಗಳು ಅಳಿದುದಕ್ಕೆ ಮಳೆಯ ಅಭಾವದೊಂದಿಗೆ ದೂರವೂ ಕಾರಣ. ಅನ್ನ ಇದ್ದ ಊರಿಗೂ ಹಸಿವು ಇದ್ದ ಊರಿಗೂ ನಡುವೆ ದಾಟಲಾರದಷ್ಟು ದಿನಗಳು ಬಿದ್ದಿದ್ದುವು. ಈ ಪುಟವನ್ನು ಓದಿದ ಮೇಲೆ, ಉಗಿಬಂಡಿ ನಮ್ಮ ಹಳೆಯ ದಾರಿಗಳ ನೆಮ್ಮದಿಯನ್ನು ಕೆಡಿಸಿತೆಂದು ಹಲುಬುವವರ ಮಾತಿಗೆ ನಾನು ತಲೆದೂಗಲಾರೆ.

ಹೊಳೆಗೆ ಸೇತುವೆ ಆ ಕ್ಷಾಮಕ್ಕೆ ಮೊದಲೇ ಆಗಿದ್ದಿತು. 1868ರಲ್ಲಿ ಮುಗಿದ ಹರಿಹರದ ಸೇತುವೆ ಕಲ್ಲು ಮತ್ತು ಇಟ್ಟಿಗೆಯ ಕಟ್ಟಡ. ಅರವತ್ತು ಅಡಿ ಅಗಲದ ಹದಿನಾಲ್ಕು ಅಂಡಾಕೃತಿಯ ಕಮಾನುಗಳು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಅದರ ಮೇಲೆ ಹಾಯ್ದ ದಿನದಿಂದ ಶ್ರಾವಣಕ್ಕೂ ಚೈತ್ರಕ್ಕೂ ದೂರ ಒಂದೇ ಆಯಿತು. ಅಂಬಿಗನ ಕಡವು ಬರಿದಾಯಿತು. ಕಾಯಬೇಕಾದ ಪಯಣಿಗರಿಲ್ಲದ ಮೇಲೆ ಹರಿಹರದ ಪೇಟೆಯ ಪ್ರಾಮುಖ್ಯವೂ ತಗ್ಗಿರಬೇಕು. ಗುಡಿಯ ಯಾತ್ರಿಕರು ಉಳಿದರು.

ಕ್ಷಾಮದ ಪಾಠವನ್ನು ಕಲಿತ ಸಂಸ್ಥಾನ ತನ್ನ ಬೊಕ್ಕಸದಿಂದಲೇ ರೈಲುದಾರಿಯ ಕೆಲಸಕ್ಕೆ ಕೈಹಾಕಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಮೀಟರ್ ಗೇಜ್ ಬಂಡಿ ಓಡಿತು. ಮುಂದಣ ಕೆಲಸ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಸೇರಿ, 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ದಾರಿ ತೆರೆಯಿತು. ಉತ್ತರದಿಂದ ಬಂದ ಹಳಿ ಅದನ್ನು ಕೂಡಿದ ಮೇಲೆ ಬೆಂಗಳೂರಿನಲ್ಲಿ ಹತ್ತಿದವನು ಪೂನಾದಲ್ಲಿ ಇಳಿಯಬಹುದಾಯಿತು. ವೆಲ್ಲೆಸ್ಲಿಯ ಮೂವತ್ತೊಂಬತ್ತು ದಿನಗಳ ದಾರಿಗೆ ಇನ್ನು ದಿನಗಳ ಲೆಕ್ಕವೇ ಬೇಡವಾಗಿ ಗಂಟೆಗಳ ಲೆಕ್ಕ ಸಾಕಾಯಿತು. ಅದೇ 1889ರಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಿಂದ ಹರಿಕಾರರ ಕಾಲಿನ ಬಲದಲ್ಲಿ ನಡೆದುಬಂದಿದ್ದ ಮೈಸೂರು ಅಂಚೆಯೂ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಓಡುವವನ ಉಸಿರಿನಿಂದ ಅಳೆಯುತ್ತಿದ್ದ ದೂರ ಅಲ್ಲಿಗೆ ಕೊನೆಗೊಂಡಿತು.

ರೈಲಿನ ಹಳಿ ಹೆದ್ದಾರಿಯ ಜಾಡನ್ನು ಬಿಟ್ಟು, ತುಮಕೂರಿನಿಂದ ಪಶ್ಚಿಮಕ್ಕೆ ತಿರುಗಿ ಅರಸೀಕೆರೆ, ಕಡೂರು, ಬೀರೂರುಗಳನ್ನು ಬಳಸಿ ಚಿಕ್ಕಜಾಜೂರಿನ ಮೂಲಕ ದಾವಣಗೆರೆಗೆ ಬಂದಿತೆಂಬುದನ್ನು ಇಲ್ಲಿ ಹೇಳಬೇಕು. ಆಗ ಈ ಊರುಗಳಿದ್ದ ಜಿಲ್ಲೆಯ ಮುಖ್ಯಪಟ್ಟಣವಾದ ಚಿತ್ರದುರ್ಗ ಹೆದ್ದಾರಿಯ ಮೇಲಿದ್ದೂ ದೊಡ್ಡ ರೈಲುದಾರಿಯಿಂದ ಹೊರಗುಳಿಯಿತು. ದಾವಣಗೆರೆಗೆ ಎರಡೂ ದಕ್ಕಿದುವು. 1901ರಲ್ಲಿ ಹತ್ತು ಸಾವಿರಕ್ಕೆ ತುಸು ಮಿಕ್ಕಿದ್ದ ಊರು 2011ರ ಗಣತಿಗೆ ನಾಲ್ಕು ಲಕ್ಷ ಮೂವತ್ತು ಸಾವಿರವನ್ನು ದಾಟಿದುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ. ಅಡಕೆ ಮೆಣಸುಗಳ ಸ್ಥಾನದಲ್ಲಿ ಎರೆನೆಲದ ಹತ್ತಿ ಬಂದು ಕೂತಿತು. ಮುಂಬಯಿಗೆ ಹೋಗುವ ಹಳಿಯ ಪಕ್ಕದಲ್ಲಿ ಹತ್ತಿಯ ಮಂಡಿಗಳೂ ಜಿನ್ನುಗಳೂ ಎದ್ದುವು. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಸ್ಥಾಪಿತವಾಗಿ, ಮುಂದೆ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಸಂದಿತು. ಹರಿಹರಕ್ಕೂ ಈ ಹಳಿ ಕಳೆದುಹೋದ ಹಿರಿಮೆಯನ್ನು ಬೇರೆ ರೂಪದಲ್ಲಿ ಮರಳಿಸಿತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ನೇಗಿಲಿನ ಕಾರ್ಖಾನೆಗೆ ನೆಲೆಮಾಡಿಕೊಂಡ ಕಿರ್ಲೋಸ್ಕರವಾಡಿ ಇದೇ ಪೂನಾದ ಹಳಿಯ ಮೇಲಿನ ನಿಲ್ದಾಣ. 1941ರಲ್ಲಿ ಅವರ ಮನೆತನ ಲೇತ್ ಯಂತ್ರಗಳನ್ನು ತಯಾರಿಸುವ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯನ್ನು ತೆರೆದುದು ಅದೇ ಹಳಿಯ ಮೇಲಿನ ಹರಿಹರದಲ್ಲಿ. ಒಂದು ಕಾಲದಲ್ಲಿ ನದಿ ನಿಲ್ಲಿಸಿದ್ದ ಜನರಿಂದ ಬದುಕಿದ್ದ ಊರು, ಹಳಿ ತಂದ ಕಬ್ಬಿಣದಿಂದ ಬದುಕತೊಡಗಿತು.

ರೈಲು ದೂರವನ್ನು ಕಿರಿದುಮಾಡಿದುದರ ಜೊತೆಗೆ ಹೊತ್ತನ್ನೂ ಬದಲಿಸಿತೆಂಬುದು ಬಹಳ ಮಂದಿ ಗಮನಿಸದ ಸಂಗತಿ. ಆಗ ನಮ್ಮ ದೇಶದ ರೈಲುಗಳೆಲ್ಲ ಮದರಾಸಿನ ವೇಳೆಯಂತೆ ನಡೆಯುತ್ತಿದ್ದುವು. ಮದರಾಸು ದಾವಣಗೆರೆಗೆ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು ಪೂರ್ವದಲ್ಲಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೇರಿದ ಹದಿನೇಳು ನಿಮಿಷಗಳ ತರುವಾಯ ಇಲ್ಲಿ ಮಧ್ಯಾಹ್ನ. ನೆರಳನ್ನು ನೋಡಿ ಹೊತ್ತನ್ನು ಅರಿಯುತ್ತಿದ್ದ ರೈತನು, ಹನ್ನೆರಡಕ್ಕೆ ಬಂಡಿಯೆಂದು ಕೇಳಿ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ನಿಲ್ದಾಣಕ್ಕೆ ಬಂದರೆ ಬಂಡಿ ಹೊರಟುಹೋಗಿರುತ್ತಿದ್ದಿತು. ಮುಂಬಯಿಯ ಗಡಿಯಾರವಾದರೋ ದಾವಣಗೆರೆಯ ಸೂರ್ಯನಿಗಿಂತ ಹನ್ನೆರಡು ನಿಮಿಷ ಹಿಂದೆ. ಎರಡು ಮಹಾಪಟ್ಟಣಗಳ ನಡುವಣ ಅರ್ಧ ಗಂಟೆಯ ಅಂತರದಲ್ಲಿ ಈ ಊರು ತನ್ನದೇ ಆದ ಒಂದು ಮಧ್ಯಾಹ್ನವನ್ನು ಇಟ್ಟುಕೊಂಡಿದ್ದಿತು. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ವೇಳೆ ಜಾರಿಗೆ ಬಂದು ಆ ಮಧ್ಯಾಹ್ನ ಗಡಿಯಾರದಿಂದ ಅಳಿಯಿತು. ಇಂದು ದಾವಣಗೆರೆಯಲ್ಲಿ ಗಡಿಯಾರದ ಹನ್ನೆರಡು ಸೂರ್ಯನ ಹನ್ನೆರಡಕ್ಕಿಂತ ಸುಮಾರು ಇಪ್ಪತ್ತಾರು ನಿಮಿಷ ಮುಂದಿದೆ.

ಹಳಿಯ ಅಗಲದ ತೊಡಕು ಮಾತ್ರ ಬಹುಕಾಲ ಉಳಿಯಿತು. ಮುಂಬಯಿಗೆ ಹೋಗುವವನು ಪೂನಾದಲ್ಲಿ ಕಿರಿಯ ಬಂಡಿಯಿಂದಿಳಿದು ದೊಡ್ಡ ಬಂಡಿಯನ್ನು ಹತ್ತಬೇಕು. 1971ರಲ್ಲಿ ಪೂನಾ–ಮೀರಜ್ ದಾರಿ ಅಗಲವಾದ ಮೇಲೆ ಆ ಇಳಿಯುವ ತಾಣ ಮೀರಜಿಗೆ ಬಂದಿತು. ಮೀರಜಿನಿಂದ ಬೆಂಗಳೂರಿನವರೆಗಿನ ಹಳಿ ಅಗಲವಾಗುವ ಹೊತ್ತಿಗೆ 1990ರ ದಶಕ ಬಂದಿದ್ದಿತು. ಹತ್ತಿಯ ಅಂಡಿಗೆಗಳನ್ನು ಒಂದು ಬಂಡಿಯಿಂದ ಇನ್ನೊಂದಕ್ಕೆ ಹೊರುವ ಹಮಾಲರ ಬೆನ್ನು ನೂರು ವರ್ಷ ಎರಡು ಹಳಿಗಳ ನಡುವಣ ಸೇತುವೆಯಾಗಿದ್ದಿತು. ಇದರ ನಡುವೆ 1956ರ ನವೆಂಬರ್ 1ರಂದು ಹರಿಹರದ ಹೊಳೆ ರಾಜ್ಯದ ಎಲ್ಲೆಯಾಗಿರುವುದನ್ನು ಬಿಟ್ಟು ಬರಿಯ ಹೊಳೆಯಾಯಿತು. ಆಚೆ ದಡದ ರಾಣೇಬೆನ್ನೂರಿನವರೂ ಈಚೆ ದಡದ ಹರಿಹರದವರೂ ಆಡುತ್ತಿದ್ದುದು ಒಂದೇ ಕನ್ನಡ, ಕೂಡುತ್ತಿದ್ದುದು ಒಂದೇ ಜಾತ್ರೆ. ಆದರೂ ಅಂದಿನ ಪರ್ಯಂತ ನಡುವೆ ಎರಡು ಸರ್ಕಾರಗಳ ದೂರವಿದ್ದಿತು, ಆ ದೂರವನ್ನು ಯಾವ ಮೈಲಿಗಲ್ಲೂ ಬರೆದಿರಲಿಲ್ಲ.

ಆಕಾಶದ ದಾರಿ ನಮ್ಮ ನಾಡಿಗೆ ಬಂದ ಬಗೆ ಈ ಕಥೆಗೆ ಬಹಳ ಹೊಂದುತ್ತದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಅಂಚೆಯನ್ನು ತಂದರು. ಅಲ್ಲಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕನು ಅದನ್ನು ಮದರಾಸಿಗೆ ಒಯ್ದನು. ಮುಂಬಯಿಗೂ ಮದರಾಸಿಗೂ ನಡುವೆ ಅವನು ಇಳಿದ ಊರು ಬಳ್ಳಾರಿ. ರಾತ್ರಿ ಅಲ್ಲಿ ತಂಗಿ ಮರುದಿನ ಅವನು ಮುಂದೆ ಹಾರಿದನು. ಮುಂಬಯಿಯಿಂದ ಬಳ್ಳಾರಿಯ ಗಗನದೂರ ಸುಮಾರು 610 ಕಿಲೋಮೀಟರ್, ದಾವಣಗೆರೆಯ ಗಗನದೂರವೂ ಹೆಚ್ಚುಕಡಿಮೆ ಅಷ್ಟೇ. ಆ ಮೊದಲ ವಿಮಾನವೂ ನಮ್ಮ ಅಡಕೆಯ ಎತ್ತಿನಂತೆಯೇ ನಡುದಾರಿಯಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳಬೇಕಾಗಿದ್ದಿತು, ಕತ್ತಲಾದರೆ ತಂಗಬೇಕಾಗಿದ್ದಿತು. ಹಾಗೆ ಇಳಿಯಬೇಕಾಗಿರುವ ಪರ್ಯಂತ ಆಕಾಶದ ದಾರಿಗೂ ಒಂದು ಊರು, ಒಂದು ತಂಗುದಾಣ, ದಾರಿ ಕಾಯುವ ಜನ ಇದ್ದರು. ಕೆಲವು ಕಾಲದ ತರುವಾಯ ದಾರಿ ಹೈದರಾಬಾದಿನ ಕಡೆಗೆ ತಿರುಗಿತು. ವಿಮಾನಗಳ ಒಡಲು ಹಿಗ್ಗಿದಂತೆಲ್ಲ ನಡುವಣ ತಂಗುದಾಣಗಳು ಒಂದೊಂದಾಗಿ ಕಳಚಿಹೋದುವು.

ಮುಂದಿನ ಮಾತನ್ನು ಬೇಗ ಮುಗಿಸಬಹುದು. 2003ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ತನ್ನ ಮೊದಲ ವಿಮಾನವನ್ನು ಹಾರಿಸಿದುದು ಬೆಂಗಳೂರಿನಿಂದ ಹುಬ್ಬಳ್ಳಿಗೆ. 2023ರ ಫೆಬ್ರುವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನನಿಲ್ದಾಣ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಬರತೊಡಗಿತು. ದಾವಣಗೆರೆಯಿಂದ ಅದು ನೇರರೇಖೆಯಲ್ಲಿ 75 ಕಿಲೋಮೀಟರಿನ ಆಸುಪಾಸು. ದೆಹಲಿಗೆ ಹೊರಟ ದಾವಣಗೆರೆಯವನೊಬ್ಬನ ಪಯಣವನ್ನು ಲೆಕ್ಕಹಾಕಿ ನೋಡೋಣ. ಅವನ ಊರಿನಿಂದ ದೆಹಲಿ ನೇರ ಉತ್ತರಕ್ಕೆ, ಸುಮಾರು 1,570 ಕಿಲೋಮೀಟರ್. ಅವನು ಬೆಂಗಳೂರಿನ ವಿಮಾನವನ್ನು ಹಿಡಿಯುವುದಾದರೆ ಮೊದಲು ಆಗ್ನೇಯಕ್ಕೆ, ಗಮ್ಯಕ್ಕೆ ಬೆನ್ನುಮಾಡಿ, 245 ಕಿಲೋಮೀಟರ್ ಹೋಗಬೇಕು. ಅಲ್ಲಿಂದ 1,740 ಕಿಲೋಮೀಟರ್ ಹಾರಬೇಕು. ಹಾರಾಟ ಮೂರು ಗಂಟೆಯೊಳಗೆ ಮುಗಿಯುತ್ತದೆ. ನೆಲದ ಮೇಲೆ ದೇವನಹಳ್ಳಿಯ ವಿಮಾನನಿಲ್ದಾಣವನ್ನು ಸೇರುವುದಕ್ಕೆ ಅದಕ್ಕಿಂತ ಹೆಚ್ಚಿನ ಹೊತ್ತು ಬೇಕು. ವಿಮಾನದ ದೂರವೆಂಬುದು ವಿಮಾನನಿಲ್ದಾಣವಿರುವ ಊರುಗಳ ನಡುವಣ ದೂರ. ಉಳಿದವರ ಪಾಲಿಗೆ ಅದಕ್ಕೆ ಮೊದಲೊಂದು ಹಳೆಯ ದಾರಿ ಸೇರಿಕೊಂಡೇ ಇರುತ್ತದೆ.

ಆದುದರಿಂದಲೇ ನನ್ನ ಭರವಸೆ ಇನ್ನೂ ಹಳಿಯ ಮೇಲಿದೆ. 2023ರ ಜೂನ್ 27ರಿಂದ ಬೆಂಗಳೂರು–ಧಾರವಾಡದ ವಂದೇ ಭಾರತ್ ರೈಲು, ಅರಸೀಕೆರೆಯ ಬಳಸಿನ ದಾರಿಯಲ್ಲಿಯೇ, ಮೂರೂವರೆ ಗಂಟೆಯ ಸುಮಾರಿನಲ್ಲಿ ದಾವಣಗೆರೆಯನ್ನು ಮುಟ್ಟುತ್ತದೆ. ತುಮಕೂರಿನಿಂದ ಚಿತ್ರದುರ್ಗದ ಮೂಲಕ ದಾವಣಗೆರೆಗೆ ನೇರವಾಗಿ ಹೊಸ ಹಳಿ ಹಾಕುವ ಕೆಲಸವೂ ನಡೆದಿದೆ. ಅದು ಪೂರ್ಣವಾದ ದಿನ, 1889ರಲ್ಲಿ ಹೆದ್ದಾರಿಯನ್ನು ಬಿಟ್ಟು ಅಗಲಿದ ಹಳಿ ಮತ್ತೆ ಹೆದ್ದಾರಿಯ ಜಾಡಿಗೆ ಬಂದು ಸೇರುತ್ತದೆ. ನೂರು ವರ್ಷಗಳಿಗೂ ಮಿಕ್ಕಿ ದೊಡ್ಡ ದಾರಿಯ ಹೊರಗೆ ನಿಂತ ದುರ್ಗದ ಜನರಿಗೆ ಅದು ಸಲ್ಲಬೇಕಾದ ಋಣ.

ಹೆದ್ದಾರಿಯಾದರೋ ಊರನ್ನು ಬಿಟ್ಟು ಹೊರಗೆ ಹೋಗಿದೆ. ಸುವರ್ಣ ಚತುಷ್ಪಥದ ಕಾಲದಲ್ಲಿ ಅಗಲವಾದ ರಾಷ್ಟ್ರೀಯ ಹೆದ್ದಾರಿ ದಾವಣಗೆರೆಯ ಹೊರವಲಯದಲ್ಲಿ ಹಾಯುವುದರಿಂದ, ಬೆಂಗಳೂರಿನಿಂದ ಪುಣೆಗೆ ಹೋಗುವವನಿಗೆ ಈಗ ಊರಿನೊಳಗೆ ಕಾಲಿಡುವ ಕಾರಣವಿಲ್ಲ. ನಾಲ್ಕೆಂದಿದ್ದ ಅದರ ಅಂಕಿ ನಲವತ್ತೆಂಟಾಯಿತು, ಪೂನಾ ಪುಣೆಯಾಯಿತು. ಒಳಗಿನ ಹಳೆಯ ದಾರಿಯ ಮೇಲೆ ಬೆಳಗಿನ ಹೊತ್ತು ಬೆಣ್ಣೆದೋಸೆಯ ಹೊಗೆ, ಮಂಡಿಗೆ ಬರುವ ಮೆಕ್ಕೆಜೋಳದ ಟ್ರ್ಯಾಕ್ಟರು, ಕಾಲೇಜಿಗೆ ಹೋಗುವ ಹುಡುಗರು. ಅಂಚೆಯವನು ತರುವ ಲಕೋಟೆಗಳ ಮೇಲೆ ವಿಳಾಸ ಹಿಂದಿನಂತೆಯೇ ಇದೆ: ಪಿ.ಬಿ. ರಸ್ತೆ, ದಾವಣಗೆರೆ.